ಇದು ಮಸಾಜ್ ಪಾರ್ಲರ್ ಅಲ್ಲ ಸ್ವಾಮಿ!

ನಗು ಬಂದರೂ ನಗೋ ಹಾಗಿಲ್ಲದ ಕೆಲಸ ಅಂತ ಒಂದಿದ್ದರೆ ಅದು ನಮ್ಮದು. ಎದುರಿಗೆ ಕೂತವರಿಗೆ ಸೊಂಟ ಹಿಡಿದಿರುತ್ತೆ, ಇಲ್ಲಾ ಕುತ್ತಿಗೆ ತಿರುಗಲ್ಲ, ಇಲ್ಲಾ ಮಂಡಿ ಮಡಚಲ್ಲ. ಅಂಥವರ ಮುಂದೆ ಹಲ್ಲು ಕಿರಿದರೆ ನಾಳೆಯಿಂದ ಅವರು ನಮ್ಮ ಬೀದಿಗೇ ಬರಲ್ಲ. ಅದಕ್ಕೇ ನಾನು ಪರದೆ ಹಿಂದೆ ಹೋಗಿ, ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕು, ಆಮೇಲೆ ಮುಖ ಗಂಟು ಹಾಕ್ಕೊಂಡು ಆಚೆ ಬರ್ತೀನಿ. ದಿನಕ್ಕೆ ಎರಡು ಸಲವಾದರೂ ಹೀಗಾಗುತ್ತೆ.

ನಾನು ಫಿಸಿಯೋಥೆರಪಿಸ್ಟ್. ಚಾಮರಾಜಪೇಟೆಯಲ್ಲಿ ಒಂದು ಹಳೇ ಮನೆಯ ಕೆಳಗಿನ ಭಾಗದಲ್ಲಿ ನನ್ನದೇ ಕ್ಲಿನಿಕ್. ಎರಡು ಮಂಚ, ಒಂದು ಪರದೆ, ನೋವಿಗೆ ಕರೆಂಟ್ ಕೊಡೋ ಒಂದು ಮಷೀನು, ಗೋಡೆಗೆ ಒಂದು ಕಂಬಿ. ಆಸ್ಪತ್ರೆ ಕೆಲಸ ಬಿಟ್ಟು ಇಲ್ಲಿ ಕೂತು ಹದಿನೈದು ವರ್ಷ ಆಯಿತು. ನನ್ನ ಹೆಸರು ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, 'ಕರೆಂಟ್ ಡಾಕ್ಟ್ರಮ್ಮ' ಅಂದರೆ ಮಾತ್ರ ಎಲ್ಲರಿಗೂ ಗೊತ್ತು. ಈ ವರ್ಷ ಆ ಕ್ಲಿನಿಕ್ಕಿಗೇ ಬೀಗ ಬೀಳೋ ಹಾಗಾಗಿತ್ತು. ಆ ಹದಿನೈದು ದಿನದ ಕಥೆ ಇದು. ಈಗ ಹೇಳ್ತಾ ನಗ್ತೀನಿ, ಆಗ ಮಾತ್ರ ಪರದೆ ಹಿಂದೆ ಹೋದರೂ ನಗು ಬರ್ತಿರಲಿಲ್ಲ.

ಹಿಟ್ಟಿನ ಗಿರಣಿ ಹಾಕ್ಲಾ ಮೇಡಂ?

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡು ಬಿಡ್ತೀನಿ.

ಮೂರು ವರ್ಷದ ಹಿಂದೆ ವ್ಯಾಪಾರದ ಲೈಸೆನ್ಸೆಲ್ಲ ಕಂಪ್ಯೂಟರಿಗೆ ಬಂದಾಗ, ಹೊಸದಾಗಿ ಅರ್ಜಿ ಹಾಕಿಸೋಕೆ ರಸ್ತೆ ಕೊನೆಯ ಸೈಬರ್ ಸೆಂಟರಿಗೆ ಹೋಗಿದ್ದೆ. ಅದರ ಮಾಲೀಕರು ನನ್ನ ಪೇಷೆಂಟೇ. ಇಡೀ ದಿನ ಕಂಪ್ಯೂಟರ್ ಮುಂದೆ ಬಗ್ಗಿ ಕೂತು ಕುತ್ತಿಗೆ ಕೆಡಿಸಿಕೊಂಡವರು. 'ವ್ಯಾಪಾರದ ವಿಧ' ಅನ್ನೋ ಕಡೆ ಒಂದು ಉದ್ದನೆ ಪಟ್ಟಿ ಬಂತು. ಅದರಲ್ಲಿ ಒಂದನ್ನು ಆರಿಸಬೇಕು.

"ಫಿಸಿಯೋಥೆರಪಿ ಇಲ್ವಲ್ಲ ಮೇಡಂ."

"ಸರಿಯಾಗಿ ನೋಡಿ ಸಾರ್."

"ನೋಡ್ತಾನೇ ಇದೀನಿ. ಫೋಟೋ ಸ್ಟುಡಿಯೋ ಇದೆ, ಫ್ಯಾನ್ಸಿ ಸ್ಟೋರ್ ಇದೆ. ನೀವಿಲ್ಲ."

"ಹಾಗಾದ್ರೆ ಕ್ಲಿನಿಕ್ ಅಂತ ಹಾಕಿ."

"ಹಾಕ್ದೆ. ಎಂಬಿಬಿಎಸ್ ನಂಬರ್ ಕೇಳ್ತಿದೆ. ನಿಮ್ಮ ನಂಬರ್ ಹಾಕಿದ್ರೆ ಕೆಂಪಗಾಗುತ್ತೆ." ಅವರು ಪಟ್ಟಿಯನ್ನ ಕೆಳಗೆ ಎಳೆದರು. "ಹಿಟ್ಟಿನ ಗಿರಣಿ ಹಾಕ್ಲಾ ಮೇಡಂ? ನಿಮ್ಮ ಹತ್ರಾನೂ ಮಷೀನ್ ಇದೆ, ಜನ ಬಂದು ಕ್ಯೂ ನಿಲ್ತಾರೆ, ಸೌಂಡೂ ಬರತ್ತೆ."

ನನಗೆ ಕೋಪ ಮೂಗಿನ ತುದೀಲೇ ಇರುತ್ತೆ. ನಾಲ್ಕೂವರೆ ವರ್ಷ ಓದಿ, ಇಷ್ಟು ವರ್ಷ ಜನರನ್ನ ಎಬ್ಬಿಸಿ ನಡೆಸಿದವಳಿಗೆ ಹಿಟ್ಟಿನ ಗಿರಣಿಯಾ? "ನಿಮಗೆ ಏನು ಸರಿ ಅನ್ಸತ್ತೋ ಅದನ್ನ ಹಾಕಿ, ಅಲ್ಲಿ ಪೇಷೆಂಟ್ ಕಾಯ್ತಿದಾರೆ" ಅಂತ ಎದ್ದು ಬಂದುಬಿಟ್ಟೆ. ಲೈಸೆನ್ಸು ಬಂತು. ಓದದೆ ಫೈಲಿಗೆ ಸೇರಿಸಿದೆ.

ಮೂರು ವರ್ಷ ಆದಮೇಲೆ ಗೊತ್ತಾಯಿತು, ಅದರಲ್ಲಿ 'ಮಸಾಜ್ ಪಾರ್ಲರ್' ಅಂತಿದೆ. ಓಡಿಹೋಗಿ ಕೇಳಿದೆ, "ಅಲ್ಲಾ ಸಾರ್, ಅಷ್ಟುದ್ದದ ಪಟ್ಟೀಲಿ ನಿಮಗೆ ಇದೇ ಸಿಕ್ತಾ?"

ಅವರು ಕುತ್ತಿಗೆ ಸವರಿಕೊಂಡು ಅಂದರು, "ನೀವು ಸಿಡುಕಿಕೊಂಡು ಹೋದ್ರಿ. ನಂಗೆ ಅವತ್ತು ನೋವು ಬೇರೆ ಜಾಸ್ತಿ ಇತ್ತು. ಪಟ್ಟಿ ನೋಡ್ತಾ ಇದ್ದೆ, ಮಸಾಜ್ ಅಂತ ಕಾಣಿಸ್ತು. ಓದಿದ್ದಕ್ಕೇ ಒಂಥರಾ ಹಾಯ್ ಅನ್ನಿಸ್ತು ಮೇಡಂ, ಕ್ಲಿಕ್ ಮಾಡ್ಬಿಟ್ಟೆ."

ಗೇಟಿಗೆ ಅಂಟಿಸಿದ ಕಾಗದ

ಅದು ಬಯಲಾಗಿದ್ದು ಇನ್‌ಸ್ಪೆಕ್ಟರ್ ಬಂದಾಗ. ಮನೆಗಳಿರೋ ರಸ್ತೆಗಳಲ್ಲಿ ಮಸಾಜ್ ಪಾರ್ಲರ್ ಇರಕೂಡದು ಅಂತ ಲೈಸೆನ್ಸ್ ಕಚೇರಿಯವರು ಪಟ್ಟಿ ಹಿಡಿದು ಹೊರಟಿದ್ದರಂತೆ. ಮಧ್ಯಾಹ್ನ ಮೂರು ಗಂಟೆಗೆ ಬಾಗಿಲಲ್ಲಿ ನಿಂತು ಆತ ಒಳಗೆಲ್ಲ ಕಣ್ಣಾಡಿಸಿದರು.

"ಇಲ್ಲೇನ್ ನಡೆಯುತ್ತೆ?"

"ಟ್ರೀಟ್‌ಮೆಂಟ್ ಸಾರ್. ಮಂಡಿ, ಸೊಂಟ, ಭುಜ."

"ಪರದೆ ಯಾಕೆ?"

"ಪೇಷೆಂಟ್ ಮಲಗಿರ್ತಾರೆ."

"ಮಲಗಿ?"

"ಕಾಲೆತ್ತುತಾರೆ ಸಾರ್."

ಅದೇ ಹೊತ್ತಿಗೆ ಪರದೆ ಹಿಂದಿನಿಂದ, "ಅಯ್ಯೋ ಅಮ್ಮಾ, ಪ್ರಾಣ ಹೋಗುತ್ತೆ, ಸಾಕು ಬಿಡಿ!" ಅಂತ ಗಂಡಸಿನ ಕೂಗು. ಸೊಂಟನೋವಿಗೆ ಬರೋ ಬ್ಯಾಂಕಿನವರೊಬ್ಬರು, ತಾವಾಗೇ ಕಾಲೆತ್ತಿಕೊಂಡು ತಾವಾಗೇ ಕೂಗುತ್ತಿದ್ದರು. ಅವರನ್ನ ಯಾರೂ ಮುಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ಬರೆದುಕೊಂಡರು. ಮಂಚ ಎರಡು, ಪರದೆ ಒಂದು, ಟವೆಲ್ ಹನ್ನೆರಡು, ಎಣ್ಣೆ ಬಾಟಲು ಒಂದು.

ಮಾರನೇ ದಿನ ಬೆಳಗ್ಗೆ ನಾನು ಬರೋ ಹೊತ್ತಿಗೆ ಗೇಟಿಗೆ ನೋಟಿಸು ಅಂಟಿತ್ತು. ಮಸಾಜ್ ಪಾರ್ಲರನ್ನ ಹದಿನೈದು ದಿನದೊಳಗೆ ಮುಚ್ಚಬೇಕು, ಹೇಳೋದೇನಾದರೂ ಇದ್ದರೆ ಕೊನೇ ದಿನ, ಶುಕ್ರವಾರ ಹನ್ನೊಂದಕ್ಕೆ ಕಚೇರಿಗೆ ಬಂದು ಹೇಳಬೇಕು. ಅದಕ್ಕಿಂತ ಹೆಚ್ಚು ಹೆದರಿಕೆ ಆಗಿದ್ದು ಯಾಕಪ್ಪಾ ಅಂದರೆ, ಮೇಲಿನ ಮನೆಯ ಓನರ್ ಅಮ್ಮ ಕನ್ನಡಕ ಹಾಕ್ಕೊಂಡು ಗೇಟಿನ ಹತ್ತಿರವೇ ನಿಂತು ಅದನ್ನ ಓದ್ತಾ ಇದ್ದರು. ಎಪ್ಪತ್ತು ವರ್ಷದ, ಮಡಿ ಹುಡಿ ಅಂತ ಇರೋ ಹೆಂಗಸು. ಇವತ್ತೇ ಖಾಲಿ ಮಾಡು ಅಂತಾರೆ ಅಂದುಕೊಂಡೆ.

ಅವರು ಪೂರ್ತಿ ಓದಿ, ಕನ್ನಡಕ ತೆಗೆದು, ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು.

"ಇಷ್ಟು ವರ್ಷ ನನ್ನ ಮನೆ ಕೆಳಗೇ ಮಸಾಜ್ ಇಟ್ಕೊಂಡು, ನಂಗೊಂದು ಮಾತು ಹೇಳ್ಲಿಲ್ವಲ್ಲೇ! ನನ್ನ ಕಾಲು ಎಷ್ಟು ಸೆಳೀತಾ ಇದೆ ಗೊತ್ತಾ ನಿಂಗೆ?"

ಐದು ಜನ, ಒಂದು ಹಿಮ್ಮಡಿ

ಆ ರಾತ್ರಿ ನಾನು ಅತ್ತೆ. ಅದರಲ್ಲೇನು ನಾಚಿಕೆ? ಬೇರೆ ಕೆಲಸ ನನಗೆ ಬರಲ್ಲ, ಬೇರೆ ಕೆಲಸ ಬೇಕಾಗೂ ಇಲ್ಲ. ಬೆಳಗ್ಗೆ ಎದ್ದು ಮಲ್ಲೇಶ್ವರದಲ್ಲಿ ಕ್ಲಿನಿಕ್ ಇಟ್ಟಿರೋ ನನ್ನ ಕ್ಲಾಸ್‌ಮೇಟಿಗೆ ಫೋನ್ ಮಾಡಿದೆ. ಆತ ನನಗಿಂತ ಜೋರಾಗಿ ನಿಟ್ಟುಸಿರು ಬಿಟ್ಟ.

"ನೀನಾದ್ರೂ ಮಸಾಜ್ ಪಾರ್ಲರ್ ಕಣೇ. ನನ್ನ ಲೈಸೆನ್ಸ್ ತೆಗೆದು ನೋಡ್ದೆ. ನಾನು ಬ್ಯೂಟಿ ಪಾರ್ಲರ್!"

ಆತನಿಗೆ ಕಡ್ಡಿ ಹಾಗೆ ನಿಂತ ದೊಡ್ಡ ಮೀಸೆ. ಯಾಕೆ ಮೂರು ವರ್ಷದಿಂದ ಹೆಂಗಸರು ಫೋನ್ ಮಾಡಿ ಹುಬ್ಬು ತಿದ್ದೋದಕ್ಕೆ ಟೈಮ್ ಕೇಳ್ತಿದ್ದರು ಅನ್ನೋದು ಅವತ್ತು ಅವನಿಗೆ ಅರ್ಥ ಆಯಿತಂತೆ. ಬಸವನಗುಡಿಯಲ್ಲಿ ಕ್ಲಿನಿಕ್ ಇಟ್ಟಿರೋ ಇನ್ನೊಬ್ಬ ಕ್ಲಾಸ್‌ಮೇಟನ್ನ ವಿಚಾರಿಸಿದರೆ ಅವಳು 'ಜಿಮ್'. ಇನ್ನಿಬ್ಬರು 'ಇತರೆ'. ನಮ್ಮ ಕ್ಲಾಸಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟಿರೋ ನಾವು ಐದೂ ಜನ ಸರ್ಕಾರಿ ಕಾಗದದಲ್ಲಿ ಏನೇನೋ ಆಗಿದ್ದೆವು, ಫಿಸಿಯೋ ಒಬ್ಬರೂ ಅಲ್ಲ.

ಭಾನುವಾರ ಗಾಂಧಿಬಜಾರಿನ ಒಂದು ಹೋಟೆಲಲ್ಲಿ ಸೇರಿದೆವು. ನಮ್ಮಂಥವರ ಮೀಟಿಂಗ್ ಅಂದರೆ ನೋಡೋ ಹಾಗಿರುತ್ತೆ. ಅರ್ಧ ಗಂಟೆಗಿಂತ ಜಾಸ್ತಿ ಯಾರೂ ಯಾರನ್ನೂ ಕೂರೋಕೆ ಬಿಡಲ್ಲ. ಒಬ್ಬಳು ಬೆನ್ನು ಬಗ್ಗಿಸಿದರೆ ಇನ್ನೊಬ್ಬಳು ಗುದ್ದುತಾಳೆ. ಖಾಲಿ ದೋಸೆ ಬರೋ ಹೊತ್ತಿಗೆ ಐದೂ ಜನ ಎದ್ದು ನಿಂತು ಭುಜ ತಿರುಗಿಸ್ತಾ ಇದ್ದೆವು. ಎದ್ದೆವಲ್ಲ, ನಮ್ಮ ಟೇಬಲ್ಲಿಗೆ ಬೇರೆ ಫ್ಯಾಮಿಲಿ ಬಂದು ಕೂತಿತು. ಹಾಗಾಗಿ ಕೈಯಲ್ಲಿ ತಟ್ಟೆ ಹಿಡಿದು, ಕಂಬದ ಪಕ್ಕ ನಿಂತೇ ನಿರ್ಣಯ ಮಾಡಿದೆವು. ಫಿಸಿಯೋಥೆರಪಿಗೆ ಪಟ್ಟಿಯಲ್ಲಿ ಅದರದ್ದೇ ಒಂದು ಸಾಲು ಬೇಕು ಅಂತ ಎಲ್ಲರೂ ಸಹಿ ಹಾಕಿ ಮನವಿ ಕೊಡೋದು. ಶುಕ್ರವಾರ ನಾನು ಪೇಷೆಂಟುಗಳನ್ನ ಸಾಕ್ಷಿಗೆ ಕರ್ಕೊಂಡು ಹೋಗೋದು. "ನಿಂದು ಗೆದ್ರೆ ನಮ್ಮೆಲ್ಲರದೂ ಗೆದ್ದ ಹಾಗೆ" ಅಂದ ಮೀಸೆಯವನು. ಅದನ್ನ ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು, ಸೋತರೆ ಏನು ಗತಿ ಅಂತಲೂ ಅನ್ನಿಸಿತು.

ಅಷ್ಟರಲ್ಲಿ ಕಾಫಿ ತಂದ ಸಪ್ಲೈಯರು ಕುಂಟ್ತಾ ಇದ್ದದ್ದು ಐದೂ ಜನರ ಕಣ್ಣಿಗೆ ಒಟ್ಟಿಗೇ ಬಿತ್ತು.

"ಏನಣ್ಣ, ಹಿಮ್ಮಡಿ ನೋವಾ?"

"ಹೂಂ ಮೇಡಂ, ಆರು ತಿಂಗಳಾಯ್ತು."

ನಾನು ಬಿಸಿನೀರಲ್ಲಿಡಿ ಅಂದೆ. ಬಸವನಗುಡಿಯವಳು ಐಸಲ್ಲಿಡಿ ಅಂದಳು. ಮಲ್ಲೇಶ್ವರದವನು ಚಪ್ಪಲಿ ಬದಲಾಯಿಸಿ ಅಂದ. ನಾಲ್ಕನೆಯವನು ಚಪ್ಪಲಿ ಅಲ್ಲ, ಮೀನಖಂಡ ಬಿಗಿಯಾಗಿದೆ, ಅದನ್ನ ಸಡಿಲ ಮಾಡಬೇಕು ಅಂದ. ಐದನೆಯವಳು ಸಮಸ್ಯೆ ಕಾಲಲ್ಲೇ ಇಲ್ಲ, ಸೊಂಟದಲ್ಲಿದೆ ಅಂದಳು. ಮನವಿಯ ವಿಷಯ ಮರೆತು ಐದೂ ಜನ ಹಿಮ್ಮಡಿ ಮೇಲೆ ಜಗಳಕ್ಕೆ ನಿಂತೆವು.

ಸಪ್ಲೈಯರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಲೋಟ ಎತ್ತಿಕೊಂಡು, "ನೀವೈದು ಜನ ಮಾತಾಡ್ಕೊಂಡು ಒಂದು ತೀರ್ಮಾನಕ್ಕೆ ಬನ್ನಿ ಸಾರ್, ಅಲ್ಲೀವರೆಗೂ ನಾನು ಹಿಂಗೇ ಕುಂಟ್ತಿರ್ತೀನಿ" ಅಂದರು.

ಹತ್ತು ಸಲ ಜಾಸ್ತಿ ಆಯ್ತಮ್ಮ

ಸಾಕ್ಷಿಗೆ ನಾನು ಮೊದಲು ಕೇಳಿದ್ದು ತರಕಾರಿ ಅಮ್ಮನನ್ನ. ನಲವತ್ತು ವರ್ಷದಿಂದ ತರಕಾರಿ ವ್ಯಾಪಾರ. ಬಲಗೈ ಭುಜ ಕಚ್ಚಿಕೊಂಡು, ತುರುಬು ಕಟ್ಟೋಕೂ ಕೈ ಎತ್ತೋಕಾಗದೆ ನನ್ನ ಹತ್ತಿರ ಬಂದಿದ್ದರು. ಗೋಡೆ ಮೇಲೆ ಬೆರಳುಗಳನ್ನ ಒಂದೊಂದಾಗಿ ನಡೆಸಿಕೊಂಡು ಕೈಯನ್ನ ಮೇಲಕ್ಕೇರಿಸೋದು ಆ ನೋವಿಗೆ ಮಾಡಿಸೋ ವ್ಯಾಯಾಮ. ಎಷ್ಟು ಎತ್ತರ ಹೋಯಿತು ಅಂತ ದಿನಾ ಪೆನ್ಸಿಲಲ್ಲಿ ಗುರುತು ಹಾಕ್ತೀನಿ.

ಮೊದಲನೇ ದಿನವೇ ಯುದ್ಧ ಆಗಿತ್ತು.

"ಹತ್ತು ಸಲ ಮಾಡಿ ಅಮ್ಮ."

"ಹತ್ತು ಬೋ ಜಾಸ್ತಿ ಆಯ್ತು. ನಾಕು ಮಾಡ್ಕೊ."

"ಇದೇನು ಬೀನ್ಸಾ? ಹತ್ತು ಅಂದ್ರೆ ಹತ್ತು."

"ನಿಂಗೂ ಬ್ಯಾಡ ನಂಗೂ ಬ್ಯಾಡ, ಆರು."

"ಒಂಬತ್ತು."

"ಬೋಣಿ ಟೈಮಲ್ಲಿ ಹಿಂಗ್ ಮಾಡ್ಬೇಡ ಕಣಮ್ಮ. ಏಳು. ಅದರ ಮ್ಯಾಲೆ ಒಂದೂ ಇಲ್ಲ."

ಎಂಟಕ್ಕೆ ಕುದುರಿತು. ನನಗೆ ಬೇಕಾಗಿದ್ದಿದ್ದೂ ಎಂಟೇ. ಅವತ್ತಿನಿಂದ ನಾನು ಅವರಿಗೆ ಮಾತ್ರ ಯಾವಾಗಲೂ ಎರಡು ಸೇರಿಸಿ ಹೇಳ್ತಾ ಬಂದೆ. ಈ ಬುದ್ಧಿವಂತಿಕೆಗೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಈಗ ಕಾಗದ ಬರೆಸಿಕೊಡಿ ಅಂತ ಕೇಳಿದೆ. "ಕಾಗ್ದ ಗೀಗ್ದ ಯಾಕೆ, ನಾನೇ ಬತ್ತೀನಿ. ಈ ಕೈ ಎತ್ತಿ ತೋರುಸ್ತೀನಿ ಅವ್ರಿಗೆ" ಅಂದರು. ನನಗೆ ಎಷ್ಟು ಸಂತೋಷ ಆಯಿತು ಅಂದರೆ ಹೋಗಿ ತಬ್ಬಿಕೊಂಡೆ. ಆ ಖುಷಿಯಲ್ಲಿ ಸತ್ಯ ಹೇಳಿಬಿಟ್ಟೆ. "ಅಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ಹತ್ರ ಎಂಟು ಮಾಡಿಸೋಕೇ ನಾನು ಹತ್ತು ಅಂತಿದ್ದೆ."

ಅವರು ಗೋಡೆಯ ಪೆನ್ಸಿಲ್ ಗುರುತು ನೋಡಿ ನಕ್ಕರು. "ಗೊತ್ತಿತ್ತು ಬಿಡು. ಅದ್ಕೇ ನಾನು ಮನೇಲಿ ನಾಕೇ ಮಾಡ್ತಿದ್ದೆ."

ಕುರ್ಚಿ ಮೇಲಿನ ಪೂಜೆ

ಎರಡನೇ ಸಾಕ್ಷಿ ಶಾಸ್ತ್ರಿಗಳು. ಪೌರೋಹಿತ್ಯ ಮಾಡ್ತಾರೆ. ದಿನಕ್ಕೆ ಆರು ಗಂಟೆ ಚಕ್ಕಂಬಕ್ಕಳ ಹಾಕಿ ಕೂತು ಎರಡೂ ಮಂಡಿ ಹೋಗಿತ್ತು. ಎರಡು ತಿಂಗಳು ನೆಲದ ಮೇಲೆ ಕೂರಬೇಡಿ, ಕುರ್ಚಿ ಮೇಲೇ ಕೂತು ಪೂಜೆ ಮಾಡಿಸಿ ಅಂದಿದ್ದೆ. ನನ್ನ ಮಾತನ್ನ ಅಕ್ಷರಶಃ ಪಾಲಿಸೋ ಪೇಷೆಂಟ್ ಅಂದರೆ ಅವರೊಬ್ಬರೇ.

ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಶಾಸ್ತ್ರಿಗಳು ಕುರ್ಚಿ ಕೇಳಿದರು. ಕೊಟ್ಟರು. ಕೂತು ನೋಡಿದರೆ ದೇವರು ಕೆಳಗೆ, ತಾವು ಮೇಲೆ. ಅದು ಅಪಚಾರ. ದೇವರನ್ನ ಮಂಟಪ ಸಮೇತ ಎತ್ತಿ ಡೈನಿಂಗ್ ಟೇಬಲ್ ಮೇಲೆ ಇಟ್ಟರು. ಆಗ ಪೂಜೆಗೆ ಕೂತ ಗಂಡ ಹೆಂಡತಿಗೆ ಕೈ ಎಟುಕಲಿಲ್ಲ, ಅವರಿಗೂ ಕುರ್ಚಿ ಬಂತು. ಅವರ ಅಪ್ಪ ಅಮ್ಮ, ಅತ್ತೆ ಮಾವ, ನಮಗೂ ಮಂಡಿ ನೋವಿದೆ ಅಂತ ಅವರೂ ಕುರ್ಚಿ ಎಳೆದುಕೊಂಡರು. ಡೈನಿಂಗ್ ಟೇಬಲ್ ಸುತ್ತ ಕುರ್ಚಿಗಳೆಲ್ಲ ತುಂಬಿದವು.

"ಆಮೇಲೇನಾಯ್ತು ಶಾಸ್ತ್ರಿಗಳೇ?" ಅಂದೆ. ಅದನ್ನ ಅವರು ನನಗೆ ಹೇಳಿದ್ದು ನೋಟಿಸ್ ಬಂದ ವಾರದಲ್ಲಿ. ಅಷ್ಟು ದಿನ ಮುಖ ಬಾಡಿಸಿಕೊಂಡಿದ್ದವಳು ಮೊದಲನೇ ಸಲ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ.

"ಆಗೋದೇನು? ಪೂಜೆ ಸಾಂಗವಾಗೇ ಆಯ್ತು. ಆದ್ರೆ ಕಥೆಯ ಎರಡನೇ ಅಧ್ಯಾಯಕ್ಕೇ ಪಾಪ ಆ ಮನೆ ಯಜಮಾನರು ಅಭ್ಯಾಸಬಲದಿಂದ ಅಡುಗೆಯವರನ್ನ ಕರೆದು, ಪಲ್ಯ ಬಡಿಸೋಕೆ ಶುರು ಮಾಡಿ ಅಂದ್ಬಿಟ್ರು."

ಹೆಡ್‌ಮಿಸ್ಟ್ರೆಸ್ ಕೊಟ್ಟ ಅಂಕಪಟ್ಟಿ

ಮೂರನೆಯವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಮಂಡಿ ಆಪರೇಷನ್ ಆಗಿ, ವಾಕರ್ ಹಿಡ್ಕೊಂಡು ಬಂದವರು ಈಗ ಬರೀ ಕೈಯಲ್ಲಿ ನಡೀತಾರೆ. ಮನವಿಯ ಜೊತೆ ಇಡೋಕೆ ಒಂದು ಪತ್ರ ಕೊಡಿ ಮೇಡಂ ಅಂದೆ. ಕೊಟ್ಟರು. ತೆರೆದು ನೋಡಿದರೆ ಗೆರೆ ಎಳೆದು, ಕೋಷ್ಟಕ ಹಾಕಿ ಬರೆದಿದ್ದರು.

ವಿಷಯ ಜ್ಞಾನ: ಅತ್ಯುತ್ತಮ. ಸಮಯಪಾಲನೆ: ಸಾಧಾರಣ. ತಾಳ್ಮೆ: ಇಲ್ಲ. ಕೈಬರಹ: ಶೋಚನೀಯ. ಮಾತು: ಕಡಿಮೆ ಮಾಡಬೇಕು.

"ಮೇಡಂ, ಇದನ್ನ ಅಧಿಕಾರಿಗಳಿಗೆ ಕೊಡೋದು!"

"ಅದಕ್ಕೇ ನಿಜ ಬರೆದಿದೀನಿ. ಬರೀ ಹೊಗಳಿದ್ರೆ ನೆಂಟರು ಬರೆದಿದ್ದಾರೆ ಅಂದ್ಕೋತಾರೆ."

"ತಾಳ್ಮೆ ಇಲ್ಲ ಅಂತ ಹಾಕಿದ್ದೀರಲ್ಲ, ಅದನ್ನಾದ್ರೂ ತೆಗೀರಿ. ಕ್ಲಿನಿಕ್ಕಿನ ಪ್ರಶ್ನೆ."

ಅವರು ಕಾಗದ ಈಸ್ಕೊಂಡು, ಯೋಚಿಸಿ, ಒಂದು ಸಾಲು ಸೇರಿಸಿ ಕೊಟ್ಟರು. ಆಸೆಯಿಂದ ನೋಡಿದೆ. "ತಿದ್ದಲು ಹೋದರೆ ವಾದ ಮಾಡುತ್ತಾಳೆ" ಅಂತಿತ್ತು.

ಶುಕ್ರವಾರ ಹನ್ನೊಂದು ಗಂಟೆ

ಕಚೇರಿ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೂರೂ ಜನ ನನ್ನ ಮುಂದೆ ಮೆಟ್ಟಿಲು ಹತ್ತಿದರು. ಹೆಡ್‌ಮಿಸ್ಟ್ರೆಸ್ ಕಂಬಿ ಹಿಡಿಯದೆ ಒಂದೊಂದೇ ಹೆಜ್ಜೆ, ತರಕಾರಿ ಅಮ್ಮ ಬಲಗೈಯಲ್ಲೇ ಚೀಲ ಹಿಡಿದು, ಶಾಸ್ತ್ರಿಗಳು ಪಂಚೆ ಎತ್ತಿಕೊಂಡು. ಹಿಂದಿನಿಂದ ಆ ಮಂಡಿಗಳು ಮಡಚೋದನ್ನ ನೋಡ್ತಾ ನೋಡ್ತಾ ನನಗೆ ಕಣ್ಣು ತುಂಬಿ ಬಂತು. ಕ್ಲಿನಿಕ್ ಹೋದರೂ ಹೋಗಲಿ, ಇದಂತೂ ನಾನು ಮಾಡಿದ ಕೆಲಸ, ಇದನ್ನ ಯಾರೂ ಮುಚ್ಚೋಕಾಗಲ್ಲ ಅನ್ನಿಸಿತು.

ಬಾಗಿಲ ಹತ್ತಿರ ಶಾಸ್ತ್ರಿಗಳು ಗಡಿಯಾರ ನೋಡಿ ಗಕ್ಕನೆ ನಿಂತರು. "ಅನ್ಯಾಯ! ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅಲ್ಲೀವರೆಗೂ ಅವರು ಸಹಿ ಮಾಡಬಾರದು. ಏನಾದ್ರೂ ಆಗಲಿ, ಮಾತಾಡ್ತಾನೇ ಇರಿ."

ಒಳಗೆ ಅಧಿಕಾರಿ ಸೌಮ್ಯವಾಗೇ ಇದ್ದರು. ನನ್ನ ಡಿಗ್ರಿ, ನಮ್ಮ ಐದು ಜನರ ಮನವಿ, ಅಂಕಪಟ್ಟಿ ಎಲ್ಲ ನೋಡಿದರು. ಅಂಕಪಟ್ಟಿ ಓದುವಾಗ ನನ್ನ ಮುಖವನ್ನ ಎರಡು ಸಲ ನೋಡಿದರು. ಆಮೇಲೆ ಇನ್‌ಸ್ಪೆಕ್ಟರ್ ವರದಿ ತೆಗೆದರು.

"ನಿಮ್ಮ ಓದು ಸರಿಯಮ್ಮ. ಆದ್ರೆ ಇಲ್ಲಿ ನೋಡಿ, ಮಂಚ, ಪರದೆ, ಟವೆಲ್, ಎಣ್ಣೆ. ನಿಮ್ಮ ಲೈಸೆನ್ಸಲ್ಲೂ ಮಸಾಜ್ ಅಂತಿದೆ. ಅಲ್ಲಿ ನಡೆಯೋದು ಮಸಾಜ್ ಅಲ್ಲ ಅಂತ ನಾನು ಹೇಗೆ ನಂಬಲಿ?"

ಹದಿನೈದು ದಿನ ಬಾಯಿಪಾಠ ಮಾಡಿದ ಭಾಷಣ ಮರೆತೇಹೋಯಿತು. ಆಗ ತರಕಾರಿ ಅಮ್ಮ ಮುಂದೆ ಬಂದರು.

"ಮಸಾಜಾ? ಇವ್ಳಾ? ಒಂದ್ ದಿನಾನಾರಾ ಕೈ ಒತ್ತವ್ಳಾ ಕೇಳಿ ಸ್ವಾಮಿ! ಭುಜ ಸಾಯ್ತದೆ, ವಸಿ ತಿಕ್ಕು ತಾಯೀ ಅಂತ ಕೈ ಮುಗಿದ್ರೆ, ಗೋಡೆ ಮುಂದೆ ನಿಲ್ಸಿ ನೀನೇ ಎತ್ತು ಅಂತಾಳೆ. ಎಲ್ಲಾ ನಾನೇ ಮಾಡ್ಬೇಕು, ಇವ್ಳು ಸುಮ್ಕೆ ನಿಂತ್ಕೊಂಡು ಎಣಿಸ್ತಾಳೆ!"

ನಾನು ಅವರ ಸೆರಗು ಎಳೆದೆ. ಹೊಗಳೋಕೆ ಕರ್ಕೊಂಡು ಬಂದರೆ ಇದೇನು? ಅವರು ಕೈ ಕೊಡವಿಕೊಂಡರು.

"ಎಣ್ಣೆ ಅಂದ್ರಲ್ಲ, ಆ ಬಾಟಲಿ ನಂದು" ಅಂದರು ಹೆಡ್‌ಮಿಸ್ಟ್ರೆಸ್, ಕ್ಲಾಸಿನಲ್ಲಿ ಎದ್ದು ನಿಂತ ಹಾಗೆ ನಿಂತು. "ಒಳ್ಳೇ ಎಳ್ಳೆಣ್ಣೆ. ಎರಡು ತಿಂಗಳ ಹಿಂದೆ ನಾನೇ ತಂದಿಟ್ಟೆ, ಇವತ್ತಾದ್ರೂ ಸ್ವಲ್ಪ ಹಚ್ಚಿ ತಿಕ್ಕುತ್ತಾಳೇನೋ ಅಂತ. ಹೋಗಿ ನೋಡಿ, ಇನ್ನೂ ಸೀಲ್ ಒಡೆದಿಲ್ಲ! ಕೇಳಿದ್ರೆ, ತಿಕ್ಕಿದ್ರೆ ಮಂಡಿಗೆ ಶಕ್ತಿ ಬರಲ್ಲ, ಇಪ್ಪತ್ತು ಸಲ ಕೂತು ಏಳಿ ಅಂತಾಳೆ. ನಲವತ್ತು ವರ್ಷ ಮಕ್ಕಳಿಗೆ ಬಸ್ಕಿ ಹೊಡೆಸಿದೀನಿ ಸಾರ್, ಆ ಶಾಪಾನೇ ಇರ್ಬೇಕು."

"ಟವೆಲ್ ವಿಚಾರ ನಾನು ಹೇಳ್ತೀನಿ" ಅಂದರು ಶಾಸ್ತ್ರಿಗಳು. ಗಡಿಯಾರ ಹನ್ನೊಂದೂವರೆ ತೋರಿಸ್ತಿತ್ತು, ಅವರಿಗೆ ಅವಸರವೇ ಇರಲಿಲ್ಲ. "ಟವೆಲನ್ನ ಸುತ್ತಿ ಮಂಡಿ ಕೆಳಗಿಟ್ಟು, ಅದನ್ನ ಮಂಡಿಯಿಂದ ಅದುಮಿ ಹಿಡೀರಿ ಅಂತಾರೆ. ಹತ್ತು ಎಣಿಸೋವರೆಗೂ ಬಿಡೋ ಹಾಗಿಲ್ಲ. ಎಂಟಕ್ಕೆ ಬಂದಾಗ ಯಾರ ಜೊತೆನಾದ್ರೂ ಮಾತಾಡ್ತಾರೆ, ಮತ್ತೆ ಒಂದರಿಂದ ಶುರು. ಎಷ್ಟೋ ಕಠಿಣ ವ್ರತ ಮಾಡಿದೀನಿ, ಇಂಥದ್ದು ಮಾಡಿಲ್ಲ."

ಅಧಿಕಾರಿ ಪೆನ್ನು ಎತ್ತಿದರು. "ಹನ್ನೆರಡಾಗಲಿ ಸಾರ್" ಅಂದರು ಶಾಸ್ತ್ರಿಗಳು. ಅಧಿಕಾರಿ ತಮ್ಮ ವಾಚ್ ನೋಡಿ, ಪೆನ್ನು ಕೆಳಗಿಟ್ಟು, ತಗ್ಗಿದ ದನಿಯಲ್ಲಿ, "ನಾನೂ ಶುಕ್ರವಾರ ರಾಹುಕಾಲದಲ್ಲಿ ಸಹಿ ಹಾಕಲ್ಲ. ಹೇಳಿ, ಇನ್ನೇನಿದೆ?" ಅಂದರು.

ಇನ್ನೇನಿದೆ ಅಂತ ಕೇಳಬಾರದಿತ್ತು. ಅರ್ಧ ಗಂಟೆ ನನ್ನ ಮೇಲಿನ ದೂರು ಹರೀತು. ನೋವು ಅಂದರೆ ಒಳ್ಳೇದು ಅಂತಾಳೆ. ಅತ್ತರೆ ಇನ್ನೆರಡು ಮಾಡಿಸ್ತಾಳೆ. ಊರಿಗೆ ಹೋಗಿದ್ದೆ ಅಂದರೆ ಊರಲ್ಲಿ ಗೋಡೆ ಇರಲಿಲ್ವಾ ಅಂತಾಳೆ. ಪಕ್ಕದ ಟೇಬಲ್ಲಿನ ಗುಮಾಸ್ತರು ಕೆಲಸ ಬಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು. ನಾನು ತಲೆ ತಗ್ಗಿಸಿ ಕೂತಿದ್ದೆ. ಮುಗೀತು ನನ್ನ ಕಥೆ ಅಂದುಕೊಂಡೆ.

ಹನ್ನೆರಡು ಹೊಡೀತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಮೂವರನ್ನೂ ನೋಡಿದರು. "ಕೊನೇದಾಗಿ ಒಂದೇ ಪ್ರಶ್ನೆ. ಅಲ್ಲಿ ಹೋದ್ರೆ ಮೈಗೆ ಏನಾದ್ರೂ ಸುಖ ಸಿಗತ್ತಾ?"

"ಇಲ್ಲವೇ ಇಲ್ಲ!" ಮೂರೂ ಜನ ಒಂದೇ ಉಸಿರಲ್ಲಿ.

"ಮತ್ಯಾಕೆ ಹೋಗ್ತೀರಿ?"

ತರಕಾರಿ ಅಮ್ಮ ಬಲಗೈ ಎತ್ತಿ, ತುರುಬು ಬಿಚ್ಚಿ, ಅವರ ಮುಂದೆಯೇ ಮತ್ತೆ ಬಿಗಿಯಾಗಿ ಕಟ್ಟಿಕೊಂಡರು. ಅಧಿಕಾರಿ ಅದನ್ನ ನೋಡಿದರು, ಬರೆಯೋಕೆ ಶುರು ಮಾಡಿದರು. ಪಟ್ಟಿಗೆ ಹೊಸ ಸಾಲು ಸೇರಿಸೋಕೆ ಮೇಲಿನವರಿಗೆ ಅವತ್ತೇ ಪತ್ರ ಹಾಕಿದರು. ಮುಂದಿನ ತಿಂಗಳು ಆ ಸಾಲು ಬಂದೇ ಬಂತು. ಮಲ್ಲೇಶ್ವರದ ಮೀಸೆಯವನು ಫೋನಲ್ಲಿ ಅತ್ತ.

ನನಗೆ ಕೊಟ್ಟ ಆದೇಶದ ಪ್ರತಿಯನ್ನ ಫ್ರೇಮ್ ಹಾಕಿಸಿ ಕ್ಲಿನಿಕ್ಕಿನ ಬಾಗಿಲ ಎದುರಿಗೇ ನೇತುಹಾಕಿದೀನಿ. ಹೊಸ ಪೇಷೆಂಟುಗಳು ಒಳಗೆ ಕಾಲಿಟ್ಟ ತಕ್ಷಣ ಓದ್ತಾರೆ, ಒಂದು ಸಲ ನನ್ನ ಮುಖ ನೋಡ್ತಾರೆ, ಆಮೇಲೆ ಮೆತ್ತಗೆ ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಹಿಂದಕ್ಕೆ ತಿರುಗ್ತಾರೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಹೀಗಿದೆ:

"ಹಾಜರಾದ ಮೂವರು ಸಾಕ್ಷಿಗಳ ಹೇಳಿಕೆಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ಸ್ಥಳದಲ್ಲಿ ಯಾರಿಗೂ ಯಾವುದೇ ತೆರನಾದ ಸುಖವಾಗಲೀ ಆರಾಮವಾಗಲೀ ದೊರೆಯುವುದಿಲ್ಲವೆಂಬುದು ನಿಸ್ಸಂದೇಹವಾಗಿ ದೃಢಪಟ್ಟಿರುತ್ತದೆ. ಆದ್ದರಿಂದ ಇದನ್ನು ಚಿಕಿತ್ಸಾಲಯವೆಂದು ಮಾನ್ಯ ಮಾಡಲಾಗಿದೆ."